ಕೋಚ್ ಕೋಟು ಬಿಟ್ಟರೆ ಕಾಲೇಜು ಆಟದ ಮರ್ಯಾದೆ ಹೋಗುತ್ತದಾ?

ಹಳೇ ಕೋಟು: ಅಮೆರಿಕದ ಕಾಲೇಜು ಆಟ ನೋಡುವ ಕನ್ನಡದವರಿಗೆ ಒಂದು ಪ್ರಶ್ನೆ. 2020ರವರೆಗೆ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳಲ್ಲಿ ಹೆಚ್ಚಿನವರು ಸೂಟು, ಟೈ ಹಾಕಿಕೊಂಡು ನಿಲ್ಲುತ್ತಿದ್ದರು. ಕೋವಿಡ್ ಬಂತು, ಖಾಲಿ ಸ್ಟೇಡಿಯಂನಲ್ಲಿ ಆಟ ನಡೆಯಿತು, ಎಲ್ಲರೂ ಕತ್ತಿನ ಹತ್ತಿರ ಜಿಪ್ ಇರುವ ಪುಲ್‌ಓವರ್‌ಗೆ ಇಳಿದರು. ಕೋವಿಡ್ ಹೋಯಿತು, ಸೂಟು ವಾಪಸ್ ಬರಲಿಲ್ಲ. ವಿಲನೋವಾ ವಿಶ್ವವಿದ್ಯಾಲಯದ ಕೋಚ್ ಜೇ ರೈಟ್ ಸೂಟಿಗೇ ಹೆಸರಾದವರು, 2016 ಮತ್ತು 2018ರಲ್ಲಿ ಚಾಂಪಿಯನ್ ಆದವರು. ಅವರೂ ಬಿಟ್ಟರು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಜಾನ್ ವುಡನ್ 12 ವರ್ಷದಲ್ಲಿ 10 ಸಲ ಪ್ರಶಸ್ತಿ ಗೆದ್ದಿದ್ದು ಕೋಟು, ಟೈಯಲ್ಲೇ. ಹದಿನೆಂಟು, ಹತ್ತೊಂಬತ್ತರ ಹುಡುಗರಿಗೆ ಕೋಚ್ ಅಂದರೆ ಮೇಷ್ಟ್ರು. ಮೇಷ್ಟ್ರು ಮನೆಯಲ್ಲಿ ಹಾಕುವ ಬಟ್ಟೆಯಲ್ಲಿ ಪಾಠಕ್ಕೆ ಬರಬಾರದು. ಪ್ರೇಕ್ಷಕರದ್ದೂ ಅದೇ ಕಥೆ. 1950ರ ದಶಕದ ಫೋಟೋ ತೆಗೆದು ನೋಡಿ. ಗಂಡಸರು ಹ್ಯಾಟು, ಟೈ. ಹೆಂಗಸರು ಕೈಗವಸು. ಈಗ ಟೀ ಶರ್ಟು, ಮೈಗೆಲ್ಲ ಬಣ್ಣ. ಆಟಕ್ಕೆ ಕೊಡುವ ಗೌರವ ಇಳಿದಿದೆ.

ತುಂಗಾ ತೀರ: "ಮನೆಯಲ್ಲಿ ಹಾಕುವ ಬಟ್ಟೆ" ಅಂದಿರಲ್ಲ, ಅದು ಕೋವಿಡ್‌ನಿಂದ ಬಂದಿದ್ದಲ್ಲ. ಇಂಡಿಯಾನಾದ ಬಾಬ್ ನೈಟ್ ಕೆಂಪು ಸ್ವೆಟರ್‌ನಲ್ಲೇ ಹೆಸರಾದವರು. ಸೇಂಟ್ ಜಾನ್ಸ್‌ನ ಲೂ ಕಾರ್ನೆಸೆಕಾ 1985ರಲ್ಲಿ ಕಣ್ಣು ಕುಕ್ಕುವ ಒಂದು ಸ್ವೆಟರ್ ಹಾಕತೊಡಗಿದರು. ತಂಡ ಗೆಲ್ಲುತ್ತಾ ಹೋಯಿತು, ಅವರು ಅದನ್ನು ಬಿಡಲಿಲ್ಲ. ಆ ಫೆಬ್ರವರಿಯಲ್ಲಿ ಜಾರ್ಜ್‌ಟೌನ್‌ನ ಜಾನ್ ಥಾಂಪ್ಸನ್ ಅದೇ ಚಿತ್ತಾರದ ಶರ್ಟನ್ನು ಕೋಟಿನ ಒಳಗೆ ಹಾಕಿಕೊಂಡು ಬಂದು ತೆರೆದು ತೋರಿಸಿದರು, ಪಂದ್ಯವನ್ನೂ ಗೆದ್ದರು. ಇಬ್ಬರನ್ನೂ ಯಾರೂ ಮರ್ಯಾದೆ ಇಲ್ಲದವರು ಅನ್ನಲಿಲ್ಲ.

ಹಳೇ ಕೋಟು: ಒಬ್ಬಿಬ್ಬರ ಸ್ವೆಟರ್ ಹಿಡಿದು ವಾದ ಮಾಡಬೇಡಿ. ಅಮೆರಿಕನ್ ಫುಟ್‌ಬಾಲ್‌ಗೆ ಬನ್ನಿ. ಅಲಬಾಮಾದ ಬೇರ್ ಬ್ರೈಂಟ್ 323 ಪಂದ್ಯ ಗೆದ್ದವರು. ಅವರ ಚೌಕುಳಿ ಹ್ಯಾಟು ಇವತ್ತಿಗೂ ಅಲ್ಲಿನ ಗುರುತು. ಅದೇ ಮನುಷ್ಯ ಸೂರು ಇರುವ ಸ್ಟೇಡಿಯಂನಲ್ಲಿ ಆಡಿಸುವಾಗ ಹ್ಯಾಟು ತೆಗೆದಿಡುತ್ತಿದ್ದರು. ಮನೆಯೊಳಗೆ ಹ್ಯಾಟು ಹಾಕಬಾರದು ಅಂತ ಅಮ್ಮ ಹೇಳಿಕೊಟ್ಟಿದ್ದರಂತೆ. ಈಗ ಕೊಲರಾಡೋದ ಕೋಚ್ ಡಿಯಾನ್ ಸ್ಯಾಂಡರ್ಸ್ ನೋಡಿ. ಪತ್ರಕರ್ತರ ಮುಂದೆ ಕೂತರೂ ಹ್ಯಾಟು, ಕಪ್ಪು ಕನ್ನಡಕ. 2023ರಲ್ಲಿ ಕೊಲರಾಡೋ ಸ್ಟೇಟ್ ಕೋಚ್ ಜೇ ನಾರ್ವೆಲ್ ಸರಿಯಾಗಿಯೇ ಹೇಳಿದರು: ದೊಡ್ಡವರ ಜೊತೆ ಮಾತಾಡುವಾಗ ನಾನು ಹ್ಯಾಟು, ಕನ್ನಡಕ ತೆಗೆಯುತ್ತೇನೆ, ಅಮ್ಮ ಕಲಿಸಿದ್ದು ಅಂತ.

ಡೆನ್ವರ್ ದಾವಣಗೆರೆ: "ಸರಿಯಾಗಿಯೇ ಹೇಳಿದರು" ಅಂತೀರಾ? ಇನ್ನೊಬ್ಬರ ಅಮ್ಮ ಏನು ಕಲಿಸಿದ್ದಾರೆ ಅನ್ನೋದನ್ನ ಪಂದ್ಯದ ವಾರದಲ್ಲಿ ಮೈಕ್ ಮುಂದೆ ಎತ್ತುವುದು ಯಾವ ಮರ್ಯಾದೆ? ಹ್ಯಾಟು ತೆಗೆದ ತಕ್ಷಣ ನಾಲಿಗೆ ಶುದ್ಧವಾಗಲ್ಲ. ಸ್ಯಾಂಡರ್ಸ್ ತಮ್ಮ ಆಟಗಾರರಿಗೆಲ್ಲ ಅಂಥದ್ದೇ ಕನ್ನಡಕ ಹಂಚಿದರು. ಸೆಪ್ಟೆಂಬರ್ 16ರ ರಾತ್ರಿ ನಾರ್ವೆಲ್ ತಂಡದ ಮೇಲೆ ಎರಡು ಓವರ್‌ಟೈಮ್ ಆದ ಮೇಲೆ 43-35ರಿಂದ ಗೆದ್ದರು.

ಹಳೇ ಕೋಟು: "ಗೆದ್ದರು" ಅಂತ ಅಲ್ಲಿಗೇ ನಿಲ್ಲಿಸಿದಿರಲ್ಲ, ಪೂರ್ತಿ ಹೇಳಿ. ಆ ಸೀಸನ್ ಕೊಲರಾಡೋ 4 ಗೆದ್ದು 8 ಸೋತಿತು.

ಡೆನ್ವರ್ ದಾವಣಗೆರೆ: ಮುಂದಿನ ವರ್ಷ 9 ಗೆಲುವು, 4 ಸೋಲು. ಅವರ ಆಟಗಾರ ಟ್ರಾವಿಸ್ ಹಂಟರ್‌ಗೆ ಹೈಸ್ಮನ್ ಟ್ರೋಫಿ, ಅಂದರೆ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ. ಕೋಚ್ ಕಣ್ಣಿಗೆ ಅದೇ ಕನ್ನಡಕ. ನಿಮಗೆ ಬೇಕಾದ ವರ್ಷ ಮಾತ್ರ ಲೆಕ್ಕ ಹಾಕಬೇಡಿ.

ಓಹಾಯೋ ಅಮ್ಮ: ಇಷ್ಟು ಹೊತ್ತೂ ಗಂಡಸರ ಹ್ಯಾಟೇ ಆಯಿತು. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಸಹಾಯಕ ಕೋಚ್ ಸಿಡ್ನಿ ಕಾರ್ಟರ್ ಗುಲಾಬಿ ಬಣ್ಣದ ಲೆದರ್ ಪ್ಯಾಂಟು ಹಾಕಿದ್ದಕ್ಕೆ ಜನ ಆನ್‌ಲೈನ್‌ನಲ್ಲಿ ಹೇಗೆ ಮುಗಿಬಿದ್ದರು ಗೊತ್ತಾ? ಅದು ಸ್ತನ ಕ್ಯಾನ್ಸರ್ ಜಾಗೃತಿಗೆ ಅಂತ ಗುಲಾಬಿ ಹಾಕುವ ಪಂದ್ಯ. ಬಟ್ಟೆಯ ನಿಯಮ ಬದಲಾಗಿದೆಯಾ ಅಂತ ಕೇಳುವವರು ಮೊದಲು ಯಾರ ಬಟ್ಟೆಗೆ ನಿಯಮ ಅಂತ ಹೇಳಿ.

ಬಸವನಗುಡಿ ಬಾಯ್: ಡೆನ್ವರ್ ಅಣ್ಣಾ, ನೀವು ಮುಖ್ಯ ಮಾತೇ ಬಿಟ್ಟಿರಿ. ಬಿಳಿಯ ಬ್ರೈಂಟ್ ಹ್ಯಾಟು ಹಾಕಿದರೆ ಪರಂಪರೆ, ಟಸ್ಕಲೂಸಾದಲ್ಲಿ ಅವರ ಹೆಸರಿನ ಮ್ಯೂಸಿಯಂ. ಕಪ್ಪು ಜನಾಂಗದ ಸ್ಯಾಂಡರ್ಸ್ ಹಾಕಿದರೆ ಅಹಂಕಾರ. ಇದು ಬಟ್ಟೆಯ ಜಗಳವೇ ಅಲ್ಲ.

ಹಳೇ ಕೋಟು: ಜನಾಂಗ ಎಳೆದು ತರುವ ಮುಂಚೆ ಸ್ವಲ್ಪ ಓದಿ. ನಾರ್ವೆಲ್ ಕೂಡ ಕಪ್ಪು ಜನಾಂಗದವರೇ.

ಬಸವನಗುಡಿ ಬಾಯ್: "ಸ್ವಲ್ಪ ಓದಿ" ಅಂತ ನನಗೆ ಹೇಳಬೇಡಿ ಸರ್. ನಾರ್ವೆಲ್ ಯಾರು ಅಂತ ನಾನು ಕೇಳಲಿಲ್ಲ. ಆ ಮಾತನ್ನು ಹಿಡಿದು ಚಪ್ಪಾಳೆ ಹೊಡೆದವರ ಬಗ್ಗೆ ಹೇಳಿದೆ. ಅದರಲ್ಲಿ ನೀವೂ ಒಬ್ಬರು.

ಹಳೇ ಕೋಟು: ನನ್ನನ್ನು ಜನಾಂಗದ್ವೇಷಿ ಅಂತೀರಾ? ನೇರವಾಗಿ ಹೇಳಿ. ನನ್ನ ತಕರಾರು ಕನ್ನಡಕದ ಬಗ್ಗೆ. ಆ ಕನ್ನಡಕದ ಕಂಪನಿ ಜೊತೆ ಸ್ಯಾಂಡರ್ಸ್‌ಗೆ ಒಪ್ಪಂದ ಇದೆ. ಪತ್ರಿಕಾಗೋಷ್ಠಿಯಲ್ಲಿ ಕೂತು ಜಾಹೀರಾತು ಮಾಡುವುದಕ್ಕೆ ಮರ್ಯಾದೆ ಅನ್ನಲ್ಲ.

ತುಂಗಾ ತೀರ: "ಜಾಹೀರಾತು" ಅಂದಿರಿ, ಕೊನೆಗೂ ವಿಷಯಕ್ಕೆ ಬಂದಿರಿ. 1970ರ ದಶಕದ ಕೊನೆಯಲ್ಲೇ ಸನ್ನಿ ವಕಾರೊ ನೈಕಿ ಪರವಾಗಿ ಕಾಲೇಜು ಕೋಚ್‌ಗಳಿಗೆ ದುಡ್ಡು ಕೊಟ್ಟು ಹುಡುಗರ ಕಾಲಿಗೆ ನೈಕಿ ಶೂ ಹಾಕಿಸಿದರು. ಈಗ ಇಡೀ ವಿಶ್ವವಿದ್ಯಾಲಯವೇ ನೈಕಿ, ಅಡಿಡಾಸ್, ಅಂಡರ್ ಆರ್ಮರ್ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಸೂಟಿನ ಮೇಲೆ ಲೋಗೋ ಕಾಣಲ್ಲ, ಪುಲ್‌ಓವರ್ ಮೇಲೆ ಎದೆಯಲ್ಲೇ ಕಾಣುತ್ತದೆ. ಸೂಟು ಯಾಕೆ ವಾಪಸ್ ಬರಲಿಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣಲ್ಲ. ಪ್ರೇಕ್ಷಕರ ಟೀ ಶರ್ಟೂ ಹಾಗೇ. 1981ರಲ್ಲಿ ಬಿಲ್ ಬ್ಯಾಟಲ್ ಕಾಲೇಜು ಹೆಸರು, ಚಿಹ್ನೆಗಳ ಲೈಸೆನ್ಸ್ ನೋಡಿಕೊಳ್ಳುವ ಕಂಪನಿ ಶುರು ಮಾಡಿದರು. ಆಮೇಲೆ ಕಾಲೇಜಿನ ಬಣ್ಣವೇ ವ್ಯಾಪಾರವಾಯಿತು.

ಆಕ್ಸ್‌ಫರ್ಡ್ ಹುಡುಗ: "ಪ್ರೇಕ್ಷಕರ ಟೀ ಶರ್ಟು" ಅಂತ ಎಲ್ಲರನ್ನೂ ಸೇರಿಸಬೇಡಿ. ನಾನು ಮಿಸಿಸಿಪ್ಪಿಯಲ್ಲಿ ಓದಿದವನು. ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಗ್ರೋವ್ ತೋಪಿನಲ್ಲಿ ಪಂದ್ಯದ ದಿನ ಇವತ್ತಿಗೂ ಹುಡುಗರು ಬೋ ಟೈ, ಹುಡುಗಿಯರು ಒಳ್ಳೆ ಡ್ರೆಸ್ಸು. ಟೆಂಟಿನೊಳಗೆ ಶಾಂಡಲಿಯರ್ ತೂಗುಹಾಕುತ್ತಾರೆ, ಬೆಳ್ಳಿ ತಟ್ಟೆಯಲ್ಲಿ ತಿಂಡಿ ಇಡುತ್ತಾರೆ. ಹಳೇ ಕೋಟು ಸರ್ ಹೇಳುವ ಗೌರವ ಸತ್ತಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ.

ಬಸವನಗುಡಿ ಬಾಯ್: ಓಲ್ ಮಿಸ್ "ಗೌರವ"ಕ್ಕೆ ಉದಾಹರಣೆಯಾ? 1962ರ ಸೆಪ್ಟೆಂಬರ್ 29ರಂದು ಜಾಕ್ಸನ್‌ನಲ್ಲಿ ಓಲ್ ಮಿಸ್ ಪಂದ್ಯದ ಮಧ್ಯಂತರದಲ್ಲಿ ಗವರ್ನರ್ ರಾಸ್ ಬಾರ್ನೆಟ್ ಭಾಷಣ ಮಾಡಿದರು. ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕನನ್ನು ಆ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವುದಕ್ಕೆ ಜೋರು ವಿರೋಧ ಇತ್ತು. ಸ್ಟೇಡಿಯಂ ತುಂಬ ಕಾನ್ಫೆಡರೇಟ್, ಅಂದರೆ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ರಾಜ್ಯಗಳ ಬಾವುಟ ಬೀಸಾಡಿದವು. ಮರುದಿನ ರಾತ್ರಿ ಕ್ಯಾಂಪಸ್‌ನಲ್ಲಿ ಗಲಭೆಯಾಗಿ ಇಬ್ಬರು ಸತ್ತರು. ನೀವು ಹೊಗಳುವ ಹ್ಯಾಟು, ಟೈ ಕಾಲದ ಪ್ರೇಕ್ಷಕರು ಇವರೇ. ಬ್ರೈಂಟ್‌ರ ಅಲಬಾಮಾ ಮುಖ್ಯ ತಂಡದಲ್ಲೂ 1971ರವರೆಗೆ ಒಬ್ಬ ಕಪ್ಪು ಆಟಗಾರ ಆಡಲಿಲ್ಲ.

ಆಕ್ಸ್‌ಫರ್ಡ್ ಹುಡುಗ: "ಬಾವುಟ ಬೀಸಾಡಿದವು" ಅಂದಿರಲ್ಲ, 1997ರಲ್ಲಿ ವಿಶ್ವವಿದ್ಯಾಲಯವೇ ಸ್ಟೇಡಿಯಂಗೆ ಕೋಲು ತರಬಾರದು ಅಂತ ನಿಯಮ ಮಾಡಿತು. ಹಳೇ ಬಾವುಟ ನಿಂತುಹೋಗಲಿ ಅಂತಲೇ. ಬೋ ಟೈ ಹಾಕಿದ ನನ್ನಂಥ ಕಂದು ಚರ್ಮದವನನ್ನು ಅಲ್ಲಿನ ಟೆಂಟಿಗೆ ಕರೆದು ಊಟ ಹಾಕಿದ್ದಾರೆ. 1962 ಹಿಡಿದು ನನಗೆ ಬೈಬೇಡಿ.

ಬಸವನಗುಡಿ ಬಾಯ್: ನಿಮಗೆ ಊಟ ಹಾಕಿದ್ದಕ್ಕೂ ಬೋ ಟೈಗೂ ಏನು ಸಂಬಂಧ? ಬಾವುಟ ನಿಲ್ಲಿಸಿದ್ದು ನಿಯಮ, ಟೈ ಅಲ್ಲ.

ಮರೂನ್ ಮನೆ: ಕೋಪ ಬಿಟ್ಟು ಇದನ್ನೂ ಕೇಳಿ. ನನ್ನ ಮಗಳು ಟೆಕ್ಸಸ್ ಎ ಅಂಡ್ ಎಂನಲ್ಲಿ ಓದುತ್ತಾಳೆ. 2001ರ ಸೆಪ್ಟೆಂಬರ್ 22ರ ಫೋಟೋ ಅಲ್ಲಿ ಎಲ್ಲರಿಗೂ ಗೊತ್ತು. ಅವಳಿ ಗೋಪುರದ ದಾಳಿಯಾಗಿ ಎರಡು ವಾರವೂ ಆಗಿರಲಿಲ್ಲ. ವಿದ್ಯಾರ್ಥಿಗಳೇ ಟೀ ಶರ್ಟು ಮಾಡಿಸಿ ಮಾರಿದರು, ಬಂದ ದುಡ್ಡು ಸಂತ್ರಸ್ತರಿಗೆ ಕೊಟ್ಟರು. ಮೇಲಿನ ಅಂತಸ್ತು ಕೆಂಪು, ನಡುವಿನದು ಬಿಳಿ, ಕೆಳಗಿನದು ನೀಲಿ. ಇಡೀ ಸ್ಟೇಡಿಯಂ ಟೀ ಶರ್ಟಿನಲ್ಲೇ ದುಃಖ ಹೇಳಿತು. ಇದು ಗೌರವ ಅಲ್ವಾ?

ಹಳೇ ಕೋಟು: "ಒಂದು ಫೋಟೋ" ತೋರಿಸಿ ಇಪ್ಪತ್ತೈದು ವರ್ಷದ ಬನಿಯನ್ನು, ಬಣ್ಣ ಎಲ್ಲ ಸರಿ ಅನ್ನಬೇಡಿ ಮೇಡಂ. 2025ರಲ್ಲಿ ಓಕ್ಲಹೋಮ ಸ್ಟೇಟ್ ಸ್ಟೇಡಿಯಂನಲ್ಲಿ ಹುಡುಗರು ಅಂಗಿ ಬಿಚ್ಚಿ ಒಂದು ಇಡೀ ಭಾಗ ತುಂಬಿಕೊಂಡರು. ಬೇರೆ ಕಾಲೇಜುಗಳಿಗೂ ಅದು ಹಬ್ಬಿತು. ಅದನ್ನೂ ದುಃಖ ಅಂತೀರಾ?

ಮರೂನ್ ಮನೆ: "ಒಂದು ಫೋಟೋ" ಅಂತ ನಾನು ಬರೆದೇ ಇಲ್ಲ. ಬರೆಯದ್ದನ್ನು ನನ್ನ ಬಾಯಿಗೆ ತುರುಕಬೇಡಿ. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಡೆನ್ವರ್ ದಾವಣಗೆರೆ: ತಂಡ ಸೋಲುತ್ತಿದ್ದರೂ ಎದ್ದು ಹೋಗದೆ ಕೂಗಿದ ಹುಡುಗರು ಅವರು. ಟೈ ಕಟ್ಟಿಕೊಂಡು ಅರ್ಧಕ್ಕೇ ಎದ್ದು ಹೋಗುವವರಿಗಿಂತ ಅವರೇ ಮೇಲು. ನಾರ್ವೆಲ್ ಆಡಿದ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು.

ಹಳೇ ಕೋಟು: ಕೊಟ್ಟಾಯಿತು. ಆ ಮಾತು ಸರಿ. ನೂರು ಸಲ ಕೇಳಿದರೂ ಸರಿ.

ಓಹಾಯೋ ಅಮ್ಮ: ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ. ಸಿಡ್ನಿ ಕಾರ್ಟರ್ ಬಗ್ಗೆ ಏನು ಹೇಳುತ್ತೀರಿ?

ಹಳೇ ಕೋಟು: ಲೆದರ್ ಪ್ಯಾಂಟು ಬೆಂಚಿಗೆ ತಕ್ಕದ್ದಲ್ಲ. ನನ್ನ ಅಭಿಪ್ರಾಯ ಅಷ್ಟೇ.

ಓಹಾಯೋ ಅಮ್ಮ: "ತಕ್ಕದ್ದಲ್ಲ" ಯಾಕೆ? ಕತ್ತಿನವರೆಗೆ ಮುಚ್ಚಿದ ಬಿಳಿ ಅಂಗಿ, ಕಾಲಿನವರೆಗೆ ಪ್ಯಾಂಟು. ನೀವು ಕೇಳುವ ಶಿಸ್ತು ಪೂರ್ತಿ ಇತ್ತು. ಎಲ್‌ಎಸ್‌ಯು, ಅಂದರೆ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಕಿಮ್ ಮಲ್ಕಿ 2023ರ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್‌ಗೆ ಹುಲಿಪಟ್ಟೆಯ ಮಿರಿಮಿರಿ ಸೂಟಿನಲ್ಲಿ ಬಂದರು, 102-85ರಿಂದ ಗೆದ್ದರು. ಜನ ಅದನ್ನು ಹಬ್ಬದಂತೆ ನೋಡಿದರು. ಒಬ್ಬರು ಬಿಳಿಯ ಹೆಂಗಸು, ಹಿರಿಯ ಕೋಚ್. ಇನ್ನೊಬ್ಬರು ಕಪ್ಪು ಹೆಂಗಸು, ಕಿರಿಯ ಸಹಾಯಕಿ. ಕೋಟು ಬೇಕು ಅನ್ನುವವರು ಈ ಇಬ್ಬರಿಗೂ ಒಂದೇ ಅಳತೆ ಹಿಡಿಯಿರಿ, ಆಮೇಲೆ ನಾನು ನಿಮ್ಮ ಮಾತು ಕೇಳುತ್ತೇನೆ.

ಹಳೇ ಕೋಟು: ಮಲ್ಕಿ ಸೂಟೂ ನನಗೆ ಹಿಡಿಸಲಿಲ್ಲ.

ಓಹಾಯೋ ಅಮ್ಮ: ಹಾಗಿದ್ದರೆ ಮೊದಲ ಪೋಸ್ಟ್‌ನಲ್ಲೇ ಅವರ ಹೆಸರು ಬರೆಯಬೇಕಿತ್ತು. ಬರೆಯಲಿಲ್ಲ.