ಟೆಸ್ಟ್ ನೆಗೆಟಿವ್ ಬಂದ 20 ಹಸು ಕೊಂಡರೂ ಬ್ರುಸೆಲ್ಲೋಸಿಸ್ ಬರುವ ಅಪಾಯ ಎಷ್ಟು?

ಪ್ರಶ್ನೆ: ಹೊಸ ಡೈರಿಗೆ 20 ಹಸು ತರುತ್ತಿದ್ದಾರೆ. ಬ್ರುಸೆಲ್ಲೋಸಿಸ್ (ಹಸುಗಳಲ್ಲಿ ಗರ್ಭಪಾತ ತರುವ, ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ) ಪತ್ತೆಗೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ರೋಸ್ ಬೆಂಗಾಲ್ ಪ್ಲೇಟ್ ಟೆಸ್ಟ್, ಅಂದರೆ ಆರ್‌ಬಿಪಿಟಿ ಮಾಡಿಸಿ ನೆಗೆಟಿವ್ ಬಂದವನ್ನಷ್ಟೇ ಕೊಳ್ಳುತ್ತಾರಂತೆ. ಅಪಾಯ 'ಕಡಿಮೆ' ಎಂದರೆ ಮಾಲೀಕರು ಒಪ್ಪುತ್ತಿಲ್ಲ, ಅಂಕಿ ಬೇಕಂತೆ. ಲೆಕ್ಕ ಹಾಕುವುದು ಹೇಗೆ?

ಉತ್ತರ: ಮೂರು ಅಂಕಿ ಬೇಕು: ತರುವ ಊರಿನ ಹಸುಗಳಲ್ಲಿ ಸೋಂಕಿನ ನಿಜ ಪ್ರಮಾಣ, ಟೆಸ್ಟಿನ ಸೆನ್ಸಿಟಿವಿಟಿ (ಸೋಂಕಿರುವ ನೂರರಲ್ಲಿ ಎಷ್ಟನ್ನು ಪಾಸಿಟಿವ್ ಎಂದು ಹಿಡಿಯುತ್ತದೆ), ಸ್ಪೆಸಿಫಿಸಿಟಿ (ಸೋಂಕಿಲ್ಲದ ನೂರರಲ್ಲಿ ಎಷ್ಟನ್ನು ನೆಗೆಟಿವ್ ಎಂದು ತೋರಿಸುತ್ತದೆ). ಉದಾಹರಣೆಗೆ ಕ್ರಮವಾಗಿ 5%, 85%, 97% ಎಂದು ಇಟ್ಟುಕೊಳ್ಳಿ. ಇವು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಕಿಟ್‌ನ, ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ.

ಟೆಸ್ಟೇ ಇಲ್ಲದಿದ್ದರೆ 0.95ನ್ನು 20 ಸಲ ಗುಣಿಸಿ 1ರಿಂದ ಕಳೆಯಿರಿ. 0.64. ಅಂದರೆ ಒಂದಾದರೂ ಸೋಂಕಿತ ಹಸು ಬರುವ ಸಾಧ್ಯತೆ 64%.

ಟೆಸ್ಟ್ ಇದ್ದರೆ: ಸೋಂಕಿದ್ದೂ ತಪ್ಪಿಸಿಕೊಳ್ಳುವವು 0.05 × 0.15 = 0.0075. ಸೋಂಕಿಲ್ಲದೆ ನೆಗೆಟಿವ್ ಬರುವವು 0.95 × 0.97 = 0.9215. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ 0.0081. ನೆಗೆಟಿವ್ ಬಂದ ಒಂದು ಹಸುವಿನಲ್ಲಿ ಉಳಿಯುವ ಅಪಾಯ ಇದು. ಇದನ್ನು 1ರಿಂದ ಕಳೆದು ಮೊದಲಿನಂತೆಯೇ ಲೆಕ್ಕ ಹಾಕಿದರೆ 20 ಹಸುಗಳಿಗೆ ಸುಮಾರು 15%. ಮಾಲೀಕರಿಗೆ ಇದನ್ನು 'ಹೀಗೆ ಏಳು ಸಲ ಹಸು ತಂದರೆ ಒಂದು ಸಲ ರೋಗವೂ ಜೊತೆಗೆ ಬರಬಹುದು' ಎಂದು ಹೇಳಿ, ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ 200 ಸ್ಯಾಂಪಲ್‌ಗೆ 10 ಪಾಸಿಟಿವ್ ಬಂದಿತ್ತು. ಹಾಗಾದರೆ 5% ಸರಿಯೇ?

ಉತ್ತರ: ಅದು ಟೆಸ್ಟ್ ತೋರಿಸಿದ ಪ್ರಮಾಣ, ನಿಜದ್ದಲ್ಲ. ಅದೇ ಆರ್‌ಬಿಪಿಟಿಯಲ್ಲಿ ಬಂದಿದ್ದರೆ ತಿದ್ದಬೇಕು: (0.05 + 0.97 − 1) ÷ (0.85 + 0.97 − 1) = 0.024. ಪಾಸಿಟಿವ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳು ಎಂದಾಯಿತು. ಜೊತೆಗೆ, 200ರಲ್ಲಿ 10 ಎನ್ನುವುದೇ ಅಲುಗಾಡುವ ಅಂಕಿ. ಒಂದು ಪ್ರಮಾಣ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂದು ತೋರಿಸುವ ಬೀಟಾ ಡಿಸ್ಟ್ರಿಬ್ಯೂಷನ್‌ಗೆ 11 ಮತ್ತು 191 (ಪಾಸಿಟಿವ್, ನೆಗೆಟಿವ್ ಎಣಿಕೆಗೆ ತಲಾ ಒಂದು ಸೇರಿಸಿ) ಕೊಟ್ಟರೆ ಸುಮಾರು 3ರಿಂದ 9%ರವರೆಗೆ ಹರಡುತ್ತದೆ. ಎಕ್ಸೆಲ್‌ನಲ್ಲಿ ಈ ಬೀಟಾದಿಂದ ಒಂದೊಂದು ಬೆಲೆ ತೆಗೆದು ಮೇಲಿನ ತಿದ್ದುಪಡಿ ಮಾಡಿ, ಲೆಕ್ಕವನ್ನು 10,000 ಸಾಲು ಓಡಿಸಿ. ಉತ್ತರವಾಗಿ ಸರಾಸರಿಯನ್ನಷ್ಟೇ ಕೊಡಬೇಡಿ, 5 ಮತ್ತು 95ನೇ ಪರ್ಸೆಂಟೈಲ್ (ನೂರು ಸಾಲಿಗೆ ಐದು ಮಾತ್ರ ಕೆಳಗೆ, ಐದು ಮಾತ್ರ ಮೇಲೆ ಉಳಿಯುವ ಬೆಲೆಗಳು) ಎರಡನ್ನೂ ಕೊಡಿ. ಕೆಲವು ಸಾಲುಗಳಲ್ಲಿ ನಿಜ ಪ್ರಮಾಣ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಲ್ಲಿ ಸೊನ್ನೆ ಹಾಕಿ.

ಇನ್ನೊಬ್ಬ ಸದಸ್ಯರು: ಮೇಲಿನ 15%ನಲ್ಲಿ ಒಂದು ದೊಡ್ಡ ತೂತಿದೆ. 20 ಹಸುಗಳೂ ಬೇರೆ ಬೇರೆ ಕೊಟ್ಟಿಗೆಯಿಂದ ಬಂದವು ಎಂದು ಆ ಲೆಕ್ಕ ನಂಬಿದೆ. ಬ್ರುಸೆಲ್ಲೋಸಿಸ್ ಹಾಗೆ ಚೆಲ್ಲಿಕೊಂಡಿರುವುದಿಲ್ಲ, ಹಿಂಡು ಹಿಂಡಾಗಿ ಇರುತ್ತದೆ. ಅದೇ 5% ಸರಾಸರಿಯನ್ನು ಹೀಗೆ ಒಡೆಯಿರಿ: 15% ಹಿಂಡುಗಳಲ್ಲಿ ಸೋಂಕಿದೆ, ಅಂಥ ಹಿಂಡಿನಲ್ಲಿ ಮೂರರಲ್ಲಿ ಒಂದು ಹಸುವಿಗೆ.

ಈಗ ಒಂದೇ ಹಿಂಡಿನ 20 ಹಸು ಪರೀಕ್ಷಿಸಿ ಇಪ್ಪತ್ತೂ ನೆಗೆಟಿವ್ ಬಂದರೆ, ಆ ಹಿಂಡು ಸೋಂಕಿತವಾಗಿರುವ ಸಾಧ್ಯತೆ ಸುಮಾರು 0.02%ಗೆ ಇಳಿಯುತ್ತದೆ. ಧೈರ್ಯವಾಗಿ ಕೊಳ್ಳಬಹುದು.

ಆದರೆ 24 ಪರೀಕ್ಷಿಸಿ, ಪಾಸಿಟಿವ್ ಬಂದ 4 ಬಿಟ್ಟು ಉಳಿದ 20 ಕೊಂಡರೆ? ಹಿಂಡು ಸೋಂಕಿತವಾಗಿರುವ ಸಾಧ್ಯತೆ ಸುಮಾರು 71%. ಸೋಂಕಿತ ಹಿಂಡಿನ ಪ್ರತಿ ನೆಗೆಟಿವ್ ಹಸುವಿನಲ್ಲೂ 7% ಅಪಾಯ ಉಳಿದಿರುತ್ತದೆ. ಎರಡೂ ಸೇರಿ, 20ರಲ್ಲಿ ಒಂದಾದರೂ ಸೋಂಕಿತ ಹಸು ಬರುವ ಸಾಧ್ಯತೆ 55% ದಾಟುತ್ತದೆ. ಕೈಯಲ್ಲಿರುವುದು ಎರಡು ಕಡೆಯೂ ಇಪ್ಪತ್ತು ನೆಗೆಟಿವ್ ರಿಪೋರ್ಟೇ! ಹಾಗಾಗಿ ಪ್ರಶ್ನೆಯಲ್ಲಿರುವ 'ನೆಗೆಟಿವ್ ಬಂದವನ್ನಷ್ಟೇ' ಎಂಬ ಕ್ರಮ ನನಗೆ ಒಪ್ಪಿಗೆಯಿಲ್ಲ. ತೀರ್ಮಾನ ಹಸುವಿನ ಮೇಲಲ್ಲ, ಹಿಂಡಿನ ಮೇಲೆ ಆಗಬೇಕು. ಬಿಟ್ಟ ಹಸುಗಳ ರಿಪೋರ್ಟನ್ನೂ ಕೇಳಿ ನೋಡಿ. ದಲ್ಲಾಳಿ ಸಂತೆಯಲ್ಲಿ ಕೂಡಿಸಿದ ಗುಂಪು ಹಿಂಡಲ್ಲ, ಅದಕ್ಕೆ ಮೊದಲಿನ 15% ಲೆಕ್ಕವೇ ಹತ್ತಿರ.

ಪ್ರಶ್ನೆ: ಒಂದೇ ಒಂದು ಪಾಸಿಟಿವ್ ಬಂದರೂ ಇಡೀ ಹಿಂಡು ಬೇಡವೇ?

ಉತ್ತರ: ಹಾಗಲ್ಲ. ರೋಗವೇ ಇಲ್ಲದ ಹಿಂಡಿನಲ್ಲೂ 20 ಪರೀಕ್ಷಿಸಿದರೆ ಒಂದಾದರೂ ಸುಳ್ಳು ಪಾಸಿಟಿವ್ ಬರುವ ಸಾಧ್ಯತೆ 46%. ಒಂದೇ ಬಂದರೆ ಎಲೈಸಾಗೆ, ಅಂದರೆ ಲ್ಯಾಬಿನ ಇನ್ನೊಂದು ಪ್ರತಿಕಾಯ ಪರೀಕ್ಷೆಗೆ ಕಳಿಸಿ. ಲಸಿಕೆಯ ದಾಖಲೆಯನ್ನೂ ನೋಡಿ: ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಎಸ್19 ಎಂಬ ಬ್ರುಸೆಲ್ಲೋಸಿಸ್ ಲಸಿಕೆ ಹಾಕುತ್ತಾರೆ, ಅದರ ಪ್ರತಿಕಾಯ ಕೆಲವು ಪ್ರಾಣಿಗಳಲ್ಲಿ ಬಹುಕಾಲ ಉಳಿದು ಎಲೈಸಾವನ್ನೂ ಗೊಂದಲಗೊಳಿಸಬಹುದು. ಕಿವಿಯ 12 ಅಂಕಿಯ ಓಲೆಯಿಂದ ದಾಖಲೆ ಸಿಗುತ್ತದೆ.

ಪ್ಲೇಟಿನ ಮೇಲೆ ಆಗುವ ತಪ್ಪುಗಳೂ ಸ್ಪೆಸಿಫಿಸಿಟಿಯನ್ನು ಕೆಡಿಸುತ್ತವೆ. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ದ್ರವ), ಆಂಟಿಜನ್ (ಅದಕ್ಕೆ ಬೆರೆಸುವ ಕಿಟ್‌ನ ಗುಲಾಬಿ ದ್ರವ) ಎರಡೂ ಕೋಣೆಯ ತಾಪಕ್ಕೆ ಬರಲಿ, ತಲಾ 30 ಮೈಕ್ರೋಲೀಟರ್ ಬೆರೆಸಿ 4 ನಿಮಿಷ ಮೆಲ್ಲಗೆ ಅಲುಗಾಡಿಸಿ, ಆಗಲೇ ಓದಿ. ತಡಮಾಡಿದರೆ ಅಂಚು ಒಣಗಿ ಗುಲಾಬಿ ಕಣಗಳು ಕಟ್ಟಿಕೊಂಡಂತೆ ಕಾಣುತ್ತವೆ, ಅದನ್ನೇ ಪಾಸಿಟಿವ್ ಎಂದು ಬರೆದುಬಿಡುತ್ತಾರೆ.

ಪ್ರಶ್ನೆ: ಎರಡು ಸಲ ಟೆಸ್ಟ್ ಮಾಡಿದರೆ 15% ಎಷ್ಟಕ್ಕೆ ಇಳಿಯುತ್ತದೆ?

ಉತ್ತರ: ಕಾಗದದ ಮೇಲೆ 2.5%. ಆದರೆ ಎರಡು ಟೆಸ್ಟೂ ಪರಸ್ಪರ ಸಂಬಂಧವಿಲ್ಲದವು ಎಂದು ನಂಬಿದ ಲೆಕ್ಕ ಅದು. ಸೋಂಕಿತ ತಾಯಿಗೆ ಹುಟ್ಟಿದ ಕೆಲವು ಕಡಸುಗಳು ಕರು ಹಾಕುವವರೆಗೆ, ಇಲ್ಲವೇ ಗರ್ಭ ಹೋಗುವವರೆಗೆ ಪ್ರತಿಕಾಯ ತೋರಿಸುವುದಿಲ್ಲ. ಸೋಂಕಿತ ಪ್ರಾಣಿಗಳಲ್ಲಿ ಅಂಥವು 5% ಇದ್ದರೂ ಸಾಕು, ಎಷ್ಟು ಸಲ ಪರೀಕ್ಷಿಸಿದರೂ 20 ಹಸುವಿನ ಅಪಾಯ ಸುಮಾರು 5%ರಿಂದ ಕೆಳಗೆ ಇಳಿಯದು. ಲೆಕ್ಕದ ಮಾದರಿಯಲ್ಲಿ ಈ ಪಾಲನ್ನು ಬೇರೆಯಾಗಿಯೇ ಇಡಿ. ಕೊಟ್ಟಿಗೆಯಲ್ಲಿ: ಹೊಸ ಹಸುಗಳನ್ನು 30 ದಿನ ಬೇರೆ ಕಟ್ಟಿ, 30ರಿಂದ 60 ದಿನದ ನಡುವೆ ಮರುಪರೀಕ್ಷೆ ಮಾಡಿಸಿ. ಗಬ್ಬದ ಕಡಸುಗಳನ್ನು ಕರು ಹಾಕುವವರೆಗೆ ಬೇರೆಯೇ ಇಟ್ಟು, ಹಾಕಿ ಮೂರು ವಾರವಾದ ಮೇಲೆ ಮತ್ತೊಮ್ಮೆ ರಕ್ತ ತೆಗೆಯಿರಿ. ಸತ್ತೆಯನ್ನು, ಅಂದರೆ ಮಾಸನ್ನು, ಕೈಗವಸಿಲ್ಲದೆ ಯಾರೂ ಮುಟ್ಟಬಾರದು.