ಇಲಿಯ ಸೀರಮ್‌ನಲ್ಲಿ ಒಟ್ಟು ಐಜಿಇ ಏರಿದೆ, ಓವಾಲ್ಬುಮಿನ್‌ಗೆ ಅಂಟುವ ಐಜಿಇ ಮಾತ್ರ ಕಾಣುತ್ತಿಲ್ಲ

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಲರ್ಜಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ ನಾನು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಪಡೆದು, ಬಾಲ್ಬ್-ಸಿ ತಳಿಯ ಬಿಳಿ ಇಲಿಗಳಿಗೆ ತಲಾ 20 ಮೈಕ್ರೋಗ್ರಾಂ ಓವಾಲ್ಬುಮಿನ್ (ಮೊಟ್ಟೆಯ ಬಿಳಿಭಾಗದ ಪ್ರೋಟೀನ್) ಅನ್ನು, ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಆಲಂ ಜೊತೆ ಬೆರೆಸಿ, ಮೊದಲ ದಿನ ಒಮ್ಮೆ, ಎರಡು ವಾರದ ನಂತರ ಇನ್ನೊಮ್ಮೆ ಹೊಟ್ಟೆಯೊಳಕ್ಕೆ ಚುಚ್ಚಿದೆ. ಅದಾದ ಒಂದು ವಾರಕ್ಕೆ ರಕ್ತ ತೆಗೆದೆ. ಅಲರ್ಜಿಗೆ ಕಾರಣವಾಗುವ ಪ್ರತಿಕಾಯವಾದ ಐಜಿಇಯ ಒಟ್ಟು ಪ್ರಮಾಣ ಎಲಿಸಾದಲ್ಲಿ (ಪ್ರತಿಕಾಯವನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಚೆನ್ನಾಗಿಯೇ ಏರಿದೆ. ಆದರೆ ಪ್ಲೇಟಿಗೆ ಓವಾಲ್ಬುಮಿನ್ ಲೇಪಿಸಿ, ಕೆನೆ ತೆಗೆದ ಹಾಲಿನ ಪುಡಿಯಿಂದ ಬ್ಲಾಕ್ ಮಾಡಿ (ಪ್ಲೇಟಿನ ಖಾಲಿ ಜಾಗ ಮುಚ್ಚಿ), ಸೀರಮ್ ಹಾಕಿ, ಅದರ ಮೇಲೆ ಬಯೋಟಿನ್ (ಗುರುತಿಗೆ ಅಂಟಿಸುವ ವಿಟಮಿನ್) ಕೂಡಿಸಿದ ಐಜಿಇ-ವಿರೋಧಿ ಪ್ರತಿಕಾಯ ಹಾಕಿದರೆ, ಓವಾಲ್ಬುಮಿನ್ ಪಡೆದ ಇಲಿಗೂ ಬರೀ ಸಲೈನ್ ಪಡೆದ ಇಲಿಗೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಪ್ರತಿಕಾಯವೇ ಕೆಟ್ಟಿದೆಯೇ? ಹೊಸ ಬಾಟಲಿಯ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಉತ್ತರ: ಆಗುಂಬೆ ಮೋಡ

ಒಟ್ಟು ಐಜಿಇಗೂ ಇದೇ ಬಾಟಲಿ ಬಳಸಿದ್ದರೆ ಅದನ್ನು ದೂರಬೇಡಿ. ಆಲಂ ಕೊಟ್ಟ ಇಲಿಯಲ್ಲಿ ಓವಾಲ್ಬುಮಿನ್‌ಗೆ ಅಂಟುವ ಐಜಿಜಿ1 ಪ್ರತಿಕಾಯ ಐಜಿಇಗಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಲೇಪಿಸಿದ ಓವಾಲ್ಬುಮಿನ್ ಮೇಲೆ ಅದೇ ಮೊದಲು ಸೀಟು ಹಿಡಿದು ಕೂರುವುದರಿಂದ, ಬೆರಳೆಣಿಕೆಯ ಐಜಿಇ ಅಣುಗಳಿಗೆ ನಿಲ್ಲಲೂ ಜಾಗ ಸಿಗುವುದಿಲ್ಲ.

ಆದ್ದರಿಂದ ಕ್ರಮವನ್ನು ತಲೆಕೆಳಗು ಮಾಡಿ. ಇಲಿಯ ಐಜಿಇಯನ್ನು ಹಿಡಿಯುವ, ಬಯೋಟಿನ್ ಇಲ್ಲದ ಪ್ರತಿಕಾಯವನ್ನು ಪ್ಲೇಟಿಗೆ ರಾತ್ರಿಯಿಡೀ 4 ಡಿಗ್ರಿಯಲ್ಲಿ ಲೇಪಿಸಿ, ಸೀರಮ್ ಹಾಕಿ ತೊಳೆಯಿರಿ. ಐಜಿಜಿ1 ಆಗಲೇ ತೊಳೆದುಹೋಗುತ್ತದೆ. ಬಳಿಕ ಬಯೋಟಿನ್ ಕೂಡಿಸಿದ ಓವಾಲ್ಬುಮಿನ್, ಕೊನೆಗೆ ಬಯೋಟಿನ್‌ಗೆ ಅಂಟಿ ಬಣ್ಣ ಬರಿಸುವ ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ. ಮನುಷ್ಯರ ಐಜಿಇಗೆಂದು ತಯಾರಿಸಿದ ಪ್ರತಿಕಾಯ ಫ್ರಿಜ್‌ನಲ್ಲಿದೆ ಎಂದು ಅದನ್ನೇ ಹಾಕಬೇಡಿ. ಒಮಾಲಿಜುಮ್ಯಾಬ್ ಎಂಬ ಐಜಿಇ-ವಿರೋಧಿ ಔಷಧ ಕೂಡ ಇಲಿಯ ಐಜಿಇಯನ್ನು ಹಿಡಿಯುವುದಿಲ್ಲ.

ಉತ್ತರ: ಶರಾವತಿ ಕಣಿವೆ

ಹಾಲಿನ ಪುಡಿಯನ್ನು ಇಂದೇ ಬಿಡಿ. ಹಾಲಿನಲ್ಲಿ ಸಹಜವಾಗಿಯೇ ಬಯೋಟಿನ್ ಇರುವುದರಿಂದ ಸ್ಟ್ರೆಪ್ಟಾವಿಡಿನ್ ಅದಕ್ಕೂ ಅಂಟಿ ಲೆಕ್ಕ ತಪ್ಪಿಸುತ್ತದೆ, ಬಿಎಸ್‌ಎ (ಹಸುವಿನ ಸೀರಮ್‌ನ ಆಲ್ಬುಮಿನ್ ಪ್ರೋಟೀನ್) ಸಾಕು. ಬಫರ್‌ನಲ್ಲಿ ಕೆಡದಂತೆ ಹಾಕುವ ಸೋಡಿಯಂ ಅಜೈಡ್ ಇದ್ದರೆ ಎಚ್‌ಆರ್‌ಪಿ ಕೆಲಸವನ್ನೇ ಮಾಡುವುದಿಲ್ಲ. ಕಾಂಪ್ಲಿಮೆಂಟ್ (ರಕ್ತದಲ್ಲಿನ ರಕ್ಷಣಾ ಪ್ರೋಟೀನ್‌ಗಳು) ನಾಶಪಡಿಸುವ ಅಭ್ಯಾಸಬಲದಿಂದ ಸೀರಮನ್ನು 56 ಡಿಗ್ರಿಯಲ್ಲಿ ಕಾಯಿಸಿಲ್ಲವಷ್ಟೆ? ಐಜಿಇ ಶಾಖಕ್ಕೆ ಬೇಗ ಸೋಲುವ ಪ್ರತಿಕಾಯ. ಇನ್ನೊಂದು ಮಾತು, ಮಲೆನಾಡಿನವರಿಗಷ್ಟೇ: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಫ್ರೀಜರಿನ ಸೀರಮ್ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ರಕ್ತ ತೆಗೆದ ದಿನವೇ ಸಣ್ಣ ಸಣ್ಣ ಪಾಲು ಮಾಡಿ, ಕರೆಂಟಿನ ಬೆಂಬಲವಿರುವ ಫ್ರೀಜರಿನಲ್ಲಿಡಿ.

ತುಂಗಾತೀರ

ಸೀರಮ್ ಕಾಯಿಸಿರಲಿಲ್ಲ. ಕ್ರಮ ತಿರುಗಿಸಿ, ಬಿಎಸ್‌ಎ ಬಳಸಿ ನಿನ್ನೆ ಮತ್ತೆ ಮಾಡಿದೆ. ಕೊನೆಯಲ್ಲಿ ಬಣ್ಣದ ಕ್ರಿಯೆ ನಿಲ್ಲಿಸುವ ಆಮ್ಲ ಹಾಕಿದ ಕೂಡಲೇ ಓವಾಲ್ಬುಮಿನ್ ಪಡೆದ ಇಲಿಗಳ ವೆಲ್‌ಗಳು (ಪ್ಲೇಟಿನ ಗುಳಿಗಳು) ಅರಿಶಿನದ ನೀರಿನಂತಾದವು, ಸಲೈನ್ ಸಾಲು ತಿಳಿಯಾಗಿಯೇ ಉಳಿಯಿತು. ಆರು ಇಲಿಗಳಲ್ಲಿ ಒಂದು ಮಾತ್ರ ಏರಿಲ್ಲ. ಅದಕ್ಕೆ ಎರಡನೆಯ ಚುಚ್ಚುಮದ್ದು ಸರಿಯಾಗಿ ಬಿದ್ದಿತ್ತೇ ಎಂದು ನೋಟ್‌ಬುಕ್ ತಿರುವುತ್ತಿದ್ದೇನೆ.