ಹಿಂದೆ ಓಡಬೇಡ ಅಕ್ಕಾ

ಅಕ್ಕಾ, ನಿನ್ನ ಮೆಸೇಜ್ ಈಗ ಕೇಳಿದೆ. ಕೊರಿಯರ್‌ನವರಿಗೆ ಬಾಗಿಲು ತೆಗೆದಾಗ ನಿಮ್ಮ ನಾಯಿ ರಾಜ ಕಾಲಸಂದಿಯಲ್ಲಿ ನುಸುಳಿ ಓಡಿದನಂತೆ, ನೀನೂ ಭಾವನೂ ಅರ್ಧ ಗಂಟೆ ಅವನ ಹಿಂದೆ ಓಡಿದಿರಂತೆ. ಸಿಕ್ಕಿದನಲ್ಲ, ಬಿಡು. ಬೈಯಲಿಲ್ಲ ತಾನೆ? ಬೈದರೆ ಓಡಿದ್ದಕ್ಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ, ಹತ್ತಿರ ಬಂದಿದ್ದಕ್ಕೇ ಬೈದರು ಅಂದುಕೊಳ್ಳುತ್ತಾನೆ. ಮುಂದಿನ ಸಲ ಕರೆದರೂ ಬರುವುದಿಲ್ಲ.

ಇನ್ನು ಆ ಓಟ. ನಾವು ಹಿಂದೆ ಬಿದ್ದರೆ ನಾಯಿಗೆ ಒಂದೋ ಆಟ, ಇಲ್ಲ ಭಯ. ಎರಡರಲ್ಲೂ ಓಡುವುದು ಜಾಸ್ತಿಯೇ. ಹೋದ ವರ್ಷ ನಮ್ಮ ಚಿನ್ನಿ ತಪ್ಪಿಸಿಕೊಂಡಾಗ ನಾನೂ ಹೆಸರು ಕೂಗಿಕೊಂಡು ಓಡಿದೆ. ಓಡಿದಷ್ಟೂ ಅವಳು ಹತ್ತಡಿ ಮುಂದೆ. ಕೊನೆಗೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬುದ್ಧಿ ಬಂದು ಅಲ್ಲ, ಸುಸ್ತಾಗಿ! ಅವಳ ಕಡೆ ನೋಡದೆ ಸುಮ್ನೆ ಹುಲ್ಲು ಕೀಳುತ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ಒದ್ದೆ ಮೂಗು ಮೊಣಕೈಗೆ ತಾಗಿತು. ಆಗಲೂ ಗಬಕ್ಕನೆ ಹಿಡಿಯಲಿಲ್ಲ. ಗದ್ದದ ಕೆಳಗೆ ತುರಿಸುತ್ತಾ ಮೆಲ್ಲಗೆ ಬೆಲ್ಟಿಗೆ ಬೆರಳು ಸಿಕ್ಕಿಸಿದೆ. ಕೂರೋದಕ್ಕೆ ಆಗದಿದ್ದರೆ ರಾಜನಿಗೆ ಬೆನ್ನು ಹಾಕಿ ನೀನೇ ಮನೆ ಕಡೆ ಓಡು, ಎಷ್ಟೋ ಸಲ ಅವನೇ ಹಿಂದೆ ಬರುತ್ತಾನೆ.

ಕಣ್ಣಿಗೇ ಬೀಳದಿದ್ದರೆ ಮೊದಲು ಅಕ್ಕಪಕ್ಕದಲ್ಲೇ ಹುಡುಕಬೇಕು, ಗಾಡಿ ಕೆಳಗೆ, ಪೊದೆ ಸಂದಿಯಲ್ಲಿ. ಬೆದರಿದ ನಾಯಿ ಸದ್ದಿಲ್ಲದೆ ಅಡಗಿರುತ್ತದೆ, ಸಾಕಿದವರು ಕರೆದರೂ ಬಾರದೆ ಇರಬಹುದು. ಜನರಿಗೆ ಫೋಟೋ ಕಳಿಸುವಾಗ ‘ಕಂಡರೆ ಅಟ್ಟಿಸಬೇಡಿ, ನಮಗೆ ಫೋನ್ ಮಾಡಿ’ ಅಂತ ಸೇರಿಸು.

ರಾಜನ ಚರ್ಮದಡಿ ಗುರುತಿನ ಚಿಪ್ ಇದೆ ಅಂತ ಭಾವ ಧೈರ್ಯವಾಗಿದ್ದಾರೆ. ಅದು ನಾಯಿ ಎಲ್ಲಿದೆ ಅಂತ ಹೇಳುವುದಿಲ್ಲ ಅಕ್ಕಾ. ಸ್ಕ್ಯಾನರ್ ಹಿಡಿದರೆ ಸಾಮಾನ್ಯವಾಗಿ 15 ಅಂಕಿಯ ನಂಬರ್ ಬರುತ್ತದೆ, ಅಷ್ಟೇ. ಆ ನಂಬರಿನ ಜೊತೆ ದಾಖಲಾಗಿರುವುದು ನಿನ್ನ ಹಳೇ ಫೋನ್ ನಂಬರ್ ಅಲ್ವಾ? ಬದಲಾಯಿಸು.

ಬಾಗಿಲಿಗೆ ನಾನು ಮಾಡೋದು ಇಷ್ಟು: ಬೆಲ್ ಆದರೆ ಮೊದಲು ಚಿನ್ನಿ ರೂಮಿಗೆ, ಆಮೇಲೆ ಬಾಗಿಲಿನ ಚಿಲಕ ತೆಗೆಯೋದು. ಬಂದವರು ಒಂದು ನಿಮಿಷ ಕಾಯಲಿ. ಇನ್ನೊಂದು, ರಾಜನ ಬೆಲ್ಟ್ ಸಡಿಲ ಇದೆ. ಮೊನ್ನೆ ವಾಕಿಂಗಿನಲ್ಲಿ ಅವನು ತಲೆ ತಗ್ಗಿಸಿ ಹಿಂದಕ್ಕೆ ಜಗ್ಗಿದಾಗ ಬೆಲ್ಟ್ ಕಿವಿ ತನಕ ಜಾರಿತ್ತು, ನಾನೇ ನೋಡಿದೆ. ಕುತ್ತಿಗೆಗೂ ಬೆಲ್ಟಿಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಸಾಕು. ಈಗಲೇ ನೋಡಿ ಹೇಳು, ನಾನು ಫೋನ್ ಹತ್ತಿರವೇ ಇದ್ದೇನೆ.